ಅಂಗೈ ಚುಕ್ಕಿಗೆ ಕನ್ನಡಿ ಬೇಕೆ?

ಮದ್ದೂರು, ಮಳವಳ್ಳಿ ಕಡೆ ಮಗುವಿಗೆ ಜ್ವರ ಬಂದು ಮೂರು ದಿನವಾದರೂ ಇಳಿಯದಿದ್ದರೆ ಮನೆಯವರ ಬಾಯಲ್ಲಿ ಮೊದಲು ಬರುವ ಹೆಸರು ಡೆಂಗಿ. ಎರಡನೆಯದು ಟೈಫಾಯ್ಡ್. ವೈದ್ಯರ ಚೀಟಿಯೂ ಬಹುಮಟ್ಟಿಗೆ ಇದೇ ದಾರಿ ಹಿಡಿಯುತ್ತದೆ: ಡೆಂಗಿಯ ಕಿಟ್ ಪರೀಕ್ಷೆ, ಟೈಫಾಯ್ಡ್‌ಗೆ ವಿಡಾಲ್, ಮಲೇರಿಯಾಕ್ಕೊಂದು ಗಾಜಿನ ಪಟ್ಟಿ, ಜತೆಗೆ ಪ್ಲೇಟ್‌ಲೆಟ್ ಎಣಿಕೆ. ಪ್ಲೇಟ್‌ಲೆಟ್ ಇಳಿದಿದ್ದರೆ ಡೆಂಗಿಯೇ ಎಂಬ ತೀರ್ಮಾನಕ್ಕೆ ಅರ್ಧ ದಾರಿ ಸವೆದಂತಾಯಿತು. ಆದರೆ ಡೆಂಗಿಯ ಪರೀಕ್ಷೆಯಲ್ಲಿ ಏನೂ ಸಿಗುವುದಿಲ್ಲ. ಐದನೇ ದಿನವೂ ಜ್ವರ ನೂರಾಮೂರರಿಂದ ಕೆಳಗಿಳಿಯುವುದಿಲ್ಲ. ಮಗು ತಲೆನೋವೆಂದು ಅಳುತ್ತದೆ, ಪಾದ ಊದಿಕೊಂಡಿದೆ, ಮೊಣಗಂಟಿನ ಬಳಿ ಸಣ್ಣ ಕೆಂಪು ಚುಕ್ಕಿಗಳೆದ್ದಿವೆ. ಇಷ್ಟು ಹೊತ್ತಿಗಾದರೂ ಯಾರಾದರೊಬ್ಬರು ಮಗುವಿನ ಮುಷ್ಟಿ ಬಿಡಿಸಿ ಅಂಗೈ ನೋಡಬೇಕು, ಕಾಲೆತ್ತಿ ಅಂಗಾಲು ನೋಡಬೇಕು. ಆಮೇಲೆ ಕೇಳಬೇಕಾದ ಪ್ರಶ್ನೆ ಒಂದೇ: ಮನೆಯಲ್ಲಿ ನಾಯಿ ಇದೆಯೇ?

ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿ ಈ ಪ್ರಶ್ನೆಗೆ ಇಲ್ಲ ಎನ್ನುವ ಉತ್ತರ ಅಪರೂಪ. ನಾಯಿ ಇರುತ್ತದೆ, ಹಸು ಇರುತ್ತದೆ, ಎರಡು ಕುರಿಯೂ ಇರುತ್ತವೆ. ಸಂಜೆ ಕರೆದ ಹಾಲು ಹಳ್ಳಿಯ ಡೇರಿ ದಾಟಿ ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿರುವ ಹಾಲು ಒಕ್ಕೂಟ ಸೇರುತ್ತದೆ. ಮಾಂಸದ ರುಚಿಗೆ ನಾಡಿನಲ್ಲೆಲ್ಲ ಹೆಸರಾದ ಬಂಡೂರು ಕುರಿಯ ತವರು ಮಳವಳ್ಳಿ ತಾಲ್ಲೂಕಿನ ಬಂಡೂರು; ಅದೇ ತಾಲ್ಲೂಕಿನ ಧನಗೂರಿನಲ್ಲಿ ಈ ತಳಿಯ ಸಂವರ್ಧನಾ ಕೇಂದ್ರವಿದೆ. ತಾಲ್ಲೂಕಿನ ಅಂಚಿನ ಮುತ್ತತ್ತಿಗೆ ಹೋದರೆ ಕಾವೇರಿ ವನ್ಯಧಾಮದ ಕಾಡು. ಪ್ರಾಣಿ ಮತ್ತು ಮನುಷ್ಯರು ಇಷ್ಟು ಹತ್ತಿರ ಬಾಳುವಲ್ಲಿ ಉಣ್ಣೆ ಹುಳಕ್ಕೆ ಊಟದ ಚಿಂತೆಯಿಲ್ಲ. ಹಸುವಿನ ಕೆಚ್ಚಲಲ್ಲಿ, ನಾಯಿಯ ಕಿವಿಯೊಳಗೆ ರಕ್ತ ಹೀರಿ ಹರಳು ಬೀಜದಂತೆ ಉಬ್ಬಿ ಕೂತ ಉಣ್ಣೆಯನ್ನು ಕಿತ್ತು ಹಾಕುವುದು ಇಲ್ಲಿ ಕಸ ಗುಡಿಸಿದಷ್ಟೇ ಮಾಮೂಲಿ ಕೆಲಸ. ಮಾಮೂಲಿ ಆದ್ದರಿಂದಲೇ ಅದು ವೈದ್ಯರ ಮುಂದೆ ನೆನಪಾಗುವುದಿಲ್ಲ. "ಎಂಥದ್ದೂ ಕಚ್ಚಿಲ್ಲ ಬುಡಿ ಸಾರ್" ಎನ್ನುವ ತಾಯಿ ಸುಳ್ಳು ಹೇಳುತ್ತಿರುವುದಿಲ್ಲ. ಉಣ್ಣೆ ಕಚ್ಚಿದ್ದು ಗೊತ್ತಾಗುವುದೇ ಇಲ್ಲ. ಅದರ ಜೊಲ್ಲಿನಲ್ಲಿ ನೋವು ಮರೆಸುವ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತುಗಳಿವೆ. ಹೊಟ್ಟೆ ತುಂಬಿದ ಮೇಲೆ ತಾನಾಗಿ ಉದುರಿಹೋಗುತ್ತದೆ.

ಉಣ್ಣೆ ಕೀಟವಲ್ಲ, ಜೇಡ ಮತ್ತು ಚೇಳಿನ ಬಳಗದ್ದು. ಮೊಟ್ಟೆಯೊಡೆದು ಬಂದ ಮರಿಗೆ ಆರು ಕಾಲು, ಮುಂದಿನ ಎರಡು ಹಂತಗಳಲ್ಲಿ ಎಂಟು. ಮುಂಗಾಲಿನ ತುದಿಯಲ್ಲಿರುವ ಹಾಲರ್ ಅಂಗ ಎಂಬ ಪುಟ್ಟ ಕುಳಿಯಿಂದ ಅದು ಪ್ರಾಣಿಯ ಉಸಿರಿನ ಇಂಗಾಲದ ಡೈಆಕ್ಸೈಡನ್ನೂ ಮೈವಾಸನೆಯನ್ನೂ ಹಿಡಿಯುತ್ತದೆ. ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕು. ದನದ ಮೈಯಲ್ಲಿ ನೂರಾರು ಕಾಣುವ ಉಣ್ಣೆ ಮನುಷ್ಯರಿಗೆ ಅಷ್ಟೇನೂ ಅಪಾಯಕಾರಿಯಲ್ಲ, ಏಕೆಂದರೆ ಆ ಜಾತಿ ಮರಿಯಿಂದ ಮುಪ್ಪಿನವರೆಗೂ ಒಂದೇ ದನದ ಮೇಲಿದ್ದುಬಿಡುತ್ತದೆ. ನಾಯಿಯ ಕಂದು ಉಣ್ಣೆಯ ಕಥೆ ಬೇರೆ. ಅದು ಒಂದೊಂದು ಹಂತಕ್ಕೂ ಒಮ್ಮೆ ಹೊಟ್ಟೆ ತುಂಬಿಸಿಕೊಂಡು ನೆಲಕ್ಕೆ ಬಿದ್ದು, ಗೋಡೆಯ ಬಿರುಕಲ್ಲೋ ಹೊಸ್ತಿಲ ಸಂದಿಯಲ್ಲೋ ಪೊರೆ ಕಳಚಿ, ಮತ್ತೆ ಹೊಸ ಮೈ ಹುಡುಕುತ್ತದೆ. ಬದುಕಿನಲ್ಲಿ ಮೂರು ಊಟ, ಮೂರು ಸಲ ಅನ್ನದಾತರ ಹುಡುಕಾಟ. ನಾಯಿಯೇ ಅದರ ಮೊದಲ ಆಯ್ಕೆ. ಆದರೆ ಬಿಸಿ ಹೆಚ್ಚಾದಾಗ ಅದು ಮನುಷ್ಯರ ಮೇಲೂ ಹೆಚ್ಚಾಗಿ ಏರುತ್ತದೆಂದು ಫ್ರಾನ್ಸಿನ ಸಂಶೋಧಕರು ಪ್ರಯೋಗದಲ್ಲಿ ತೋರಿಸಿದ್ದಾರೆ. ನಾಯಿಯ ಕುತ್ತಿಗೆ ತಬ್ಬಿ ಆಡುವ ಮಕ್ಕಳೇ ಉಣ್ಣೆ ತರುವ ಈ ಜ್ವರಕ್ಕೆ ಹೆಚ್ಚು ಸಿಕ್ಕಿಬೀಳುವುದು ಹೀಗೆ.

ಜ್ವರದ ಹೆಸರು ಇಂಡಿಯನ್ ಟಿಕ್ ಟೈಫಸ್. ಟೈಫಾಯ್ಡ್‌ಗೂ ಇದಕ್ಕೂ ನಂಟಿಲ್ಲ. ಕಾರಣ ರಿಕೆಟ್ಸಿಯಾ ಕೊನೊರಿ ಎಂಬ ಬ್ಯಾಕ್ಟೀರಿಯಾ.

ಈ ಎರಡು ಪದಗಳ ಹೆಸರಿನಲ್ಲಿ ಇಬ್ಬರು ವೈದ್ಯರಿದ್ದಾರೆ. ಅಮೆರಿಕದ ಮೊಂಟಾನಾ ರಾಜ್ಯದ ಬಿಟರ್‌ರೂಟ್ ಕಣಿವೆಯಲ್ಲಿ ಚುಕ್ಕಿ ಜ್ವರವೊಂದು ಹಿಡಿದವರಲ್ಲಿ ಹೆಚ್ಚಿನವರನ್ನು ಕೊಲ್ಲುತ್ತಿದ್ದ ಕಾಲದಲ್ಲಿ ಹೊವಾರ್ಡ್ ಟೇಲರ್ ರಿಕೆಟ್ಸ್ ಅಲ್ಲಿಗೆ ಹೋದರು. 1906ರಲ್ಲಿ ಗಿನಿಯಿಲಿಗಳ ಮೇಲೆ ಪ್ರಯೋಗ ನಡೆಸಿ, ರೋಗ ಹರಡುವುದು ಉಣ್ಣೆಯಿಂದ ಎಂದು ತೋರಿಸಿದರು. ಸೋಂಕು ತಾಯಿ ಉಣ್ಣೆಯಿಂದ ಮೊಟ್ಟೆಗಳಿಗೂ ದಾಟುತ್ತದೆಂದು ಕಂಡುಕೊಂಡವರೂ ಅವರೇ. ಅಂದರೆ ಹುಟ್ಟುವಾಗಲೇ ರೋಗಾಣು ಹೊತ್ತು ಬರುವ ಮರಿಗಳಿರುತ್ತವೆ. 1910ರಲ್ಲಿ ಮೆಕ್ಸಿಕೋದಲ್ಲಿ ಹೇನಿನಿಂದ ಹರಡುವ ಟೈಫಸ್ ಜ್ವರವನ್ನು ಅಧ್ಯಯನ ಮಾಡುತ್ತಲೇ ಅದೇ ಜ್ವರಕ್ಕೆ ರಿಕೆಟ್ಸ್ ಬಲಿಯಾದರು. ಅದೇ ವರ್ಷ ಟ್ಯೂನಿಸ್ ನಗರದಲ್ಲಿ ಆಲ್ಫ್ರೆಡ್ ಕೊನೊರ್ ಮೆಡಿಟರೇನಿಯನ್ ಸುತ್ತಿನ ಚುಕ್ಕಿ ಜ್ವರವನ್ನು ಮೊದಲ ಬಾರಿಗೆ ವಿವರಿಸಿದರು. ಭಾರತದಲ್ಲಿ ಇಂಥದ್ದೊಂದು ಉಣ್ಣೆ ಜ್ವರ ಇದೆಯೆಂದು ಬರೆದವರು ಮೆಗಾ ಎಂಬ ಬ್ರಿಟಿಷ್ ವೈದ್ಯ. ಅವರ ಗಮನಕ್ಕೆ ಬಂದದ್ದು ಕುಮಾವೋಂ ಬೆಟ್ಟಗಳ ರೋಗಿಗಳು. ನೂರು ವರ್ಷ ಹಳೆಯ ಸಮಾಚಾರ. ಆದರೂ ಇದನ್ನು ಹೊಸ ರೋಗವೆಂದು ಪತ್ರಿಕೆಗಳು ಆಗಾಗ ಬರೆಯುತ್ತಿರುತ್ತವೆ!

ಈ ಬ್ಯಾಕ್ಟೀರಿಯಾದ ಗುಣ ತಿಳಿದರೆ ರೋಗಲಕ್ಷಣಗಳೂ, ಚಿಕಿತ್ಸೆಯ ತೊಡಕೂ ಒಟ್ಟಿಗೇ ಬಿಡಿಸಿಕೊಳ್ಳುತ್ತವೆ. ರಿಕೆಟ್ಸಿಯಾ ತನ್ನಷ್ಟಕ್ಕೆ ಬದುಕಲಾರದು. ಜೀವಂತ ಕೋಶದೊಳಗೆ ನುಗ್ಗಿಯೇ ಬೆಳೆಯಬೇಕು. ಅದು ಆರಿಸಿಕೊಳ್ಳುವ ಕೋಶಗಳು ಸಣ್ಣ ರಕ್ತನಾಳಗಳ ಒಳಪದರದವು. ಅವು ಹಾಳಾದಲ್ಲೆಲ್ಲ ನಾಳ ಸೋರುತ್ತದೆ. ಚರ್ಮದಲ್ಲಿ ಸೋರಿದರೆ ಕೆಂಪು ಚುಕ್ಕಿ, ಪಾದದಲ್ಲಾದರೆ ಊತ, ಶ್ವಾಸಕೋಶದಲ್ಲಾದರೆ ಉಸಿರಾಟದ ಕಷ್ಟ, ಮಿದುಳಿನಲ್ಲಾದರೆ ಮಂಪರು, ಫಿಟ್ಸ್. ನಾಳ ರಿಪೇರಿಗೆ ಪ್ಲೇಟ್‌ಲೆಟ್‌ಗಳು ಖರ್ಚಾಗಿ ಎಣಿಕೆ ಇಳಿಯುತ್ತದೆ. ಡೆಂಗಿಯೆಂಬ ಭ್ರಮೆ ಹುಟ್ಟುವುದು ಇಲ್ಲೇ. ಯಕೃತ್ತಿನ ಕಿಣ್ವಗಳು ಏರುತ್ತವೆ, ರಕ್ತದ ಸೋಡಿಯಂ ಇಳಿಯುತ್ತದೆ. ರೋಗ ಬಲಿತ ಕೆಲವು ಮಕ್ಕಳಲ್ಲಿ ರಕ್ತ ಹರಿಯದೆ ಕಿವಿಯ ತುದಿ, ಕಾಲ್ಬೆರಳು ಕಪ್ಪಿಟ್ಟು ಕೊಳೆಯುವುದೂ ಉಂಟು.

ಉಣ್ಣೆ ಕಚ್ಚಿ ಸಾಮಾನ್ಯವಾಗಿ ವಾರದೊಳಗೆ ಜ್ವರ ಶುರುವಾಗುತ್ತದೆ. ಚುಕ್ಕಿಗಳು ಕಾಣುವುದು ಅದಾಗಿ ಮೂರರಿಂದ ಐದು ದಿನಕ್ಕೆ: ಮೊದಲು ಮಣಿಕಟ್ಟು, ಹರಡು, ಅಲ್ಲಿಂದ ಹೊಟ್ಟೆ, ಬೆನ್ನು, ಅಂಗೈ ಅಂಗಾಲು ಕೂಡ. ದಡಾರದ ಚುಕ್ಕಿ ಮುಖದಲ್ಲಿ ಆರಂಭವಾಗಿ ಕೆಳಗಿಳಿಯುತ್ತದೆ. ಇದು ಕೈಕಾಲ ತುದಿಯಿಂದ ಒಳಗೆ ಬರುತ್ತದೆ. ನಮ್ಮ ಕಂದು ಮೈಬಣ್ಣದಲ್ಲಿ ಬೆನ್ನಿನ ಮೇಲಿನ ಎಳೆ ಚುಕ್ಕಿ ಕಣ್ಣಿಗೆ ಬೀಳುವುದು ಕಷ್ಟ. ಅಂಗೈ ಅಂಗಾಲುಗಳ ಬಣ್ಣ ತಿಳಿಯಾದ್ದರಿಂದ ಅಲ್ಲಿ ಸುಲಭವಾಗಿ ಕಾಣುತ್ತದೆ. ಪಾಶ್ಚಾತ್ಯ ಪಠ್ಯಪುಸ್ತಕಗಳು ಹೇಳುವ, ಉಣ್ಣೆ ಕಚ್ಚಿದಲ್ಲಿ ಏಳುವ ಕಪ್ಪು ಹಕ್ಕಳೆ ನಮ್ಮ ಟಿಕ್ ಟೈಫಸ್‌ನಲ್ಲಿ ಬಹಳ ಸಲ ಇರುವುದೇ ಇಲ್ಲ. ಅದು ಹೆಚ್ಚಾಗಿ ಕಾಣುವುದು ಸ್ಕ್ರಬ್ ಟೈಫಸ್‌ನಲ್ಲಿ, ಅದೂ ಕಂಕುಳು, ತೊಡೆಸಂದು, ಕಿವಿಯ ಹಿಂಭಾಗದಂಥ ಮರೆಗಳಲ್ಲಿ.

ಸ್ಕ್ರಬ್ ಟೈಫಸ್ ಈ ಮನೆತನದ ದಾಯಾದಿ. ಅದನ್ನು ತರುವುದು ಉಣ್ಣೆಯಲ್ಲ, ಹುಲ್ಲು ಪೊದೆಗಳಲ್ಲಿರುವ, ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಮರಿ. ಅದು ಇಲಿಗಳನ್ನು ನೆಚ್ಚಿದ ಜೀವಿ. ನಾಲೆಯ ಏರಿ, ಗದ್ದೆಯ ಬದು, ಕಬ್ಬಿನ ತೋಟಗಳಲ್ಲಿ ಇಲಿಗೇನು ಬರ. ಎರಡೂ ಜ್ವರಗಳ ಔಷಧ ಒಂದೇ ಆಗಿರುವುದು ರೋಗಿಯ ಪುಣ್ಯ.

ಹಾಗಾದರೆ ಪರೀಕ್ಷೆ? ಸಾಮಾನ್ಯ ಬ್ಯಾಕ್ಟೀರಿಯಾವನ್ನಾದರೆ ರಕ್ತ ತೆಗೆದು ಕಲ್ಚರ್‌ಗೆ ಹಾಕಿ ಬೆಳೆಸಬಹುದು. ಕೋಶದೊಳಗೆ ಮಾತ್ರ ಬೆಳೆಯುವ ರಿಕೆಟ್ಸಿಯಾ ಆ ತಟ್ಟೆಯಲ್ಲಿ ಚಿಗುರುವುದಿಲ್ಲ. ಅದನ್ನು ಬೆಳೆಸಲು ವಿಶೇಷ ಭದ್ರತೆಯ ಪ್ರಯೋಗಾಲಯ ಬೇಕು. ಉಳಿದದ್ದು ರಕ್ತದಲ್ಲಿ ಪ್ರತಿಕಾಯ ಹುಡುಕುವ ದಾರಿ. 1916ರಲ್ಲಿ ಎಡ್ಮಂಡ್ ವೈಲ್ ಮತ್ತು ಆರ್ಥರ್ ಫೆಲಿಕ್ಸ್ ಒಂದು ವಿಚಿತ್ರ ಆಕಸ್ಮಿಕವನ್ನು ಗಮನಿಸಿದರು. ಟೈಫಸ್ ರೋಗಿಯ ರಕ್ತದ್ರವ ಪ್ರೋಟಿಯಸ್ ಎಂಬ, ರೋಗಕ್ಕೆ ಸಂಬಂಧವೇ ಇಲ್ಲದ ಇನ್ನೊಂದು ಬ್ಯಾಕ್ಟೀರಿಯಾವನ್ನು ಗಂಟುಕಟ್ಟಿಸುತ್ತಿತ್ತು. ಎರಡರ ಮೈಮೇಲಿನ ಯಾವುದೋ ರಾಸಾಯನಿಕ ಹೋಲಿಕೆ ಅದಕ್ಕೆ ಕಾರಣ. ಉಣ್ಣೆಯ ಚುಕ್ಕಿ ಜ್ವರವಾದರೆ ಓಎಕ್ಸ್-2, ಓಎಕ್ಸ್-19 ತಳಿಗಳು ಗಂಟುಕಟ್ಟುತ್ತವೆ, ಸ್ಕ್ರಬ್ ಟೈಫಸ್ ಆದರೆ ಓಎಕ್ಸ್-ಕೆ. ವೈಲ್-ಫೆಲಿಕ್ಸ್ ಎಂಬ ಈ ಅಗ್ಗದ ಪರೀಕ್ಷೆ ನೂರು ವರ್ಷ ದಾಟಿದರೂ ನಮ್ಮ ಆಸ್ಪತ್ರೆಗಳಿಂದ ಪೂರ್ತಿ ನಿವೃತ್ತಿಯಾಗಿಲ್ಲ. ಅದು ಎಷ್ಟೋ ನಿಜ ರೋಗಿಗಳನ್ನು ಬಿಟ್ಟುಬಿಡುತ್ತದೆ, ಕೆಲವೊಮ್ಮೆ ಬೇರೆ ಜ್ವರದವರನ್ನೂ ಹಿಡಿದು ಕೊಡುತ್ತದೆ. ಈಗ ಐಜಿಎಂ ಎಲೈಸಾ ಬಂದಿದೆ, ಹೆಚ್ಚು ನಂಬಲರ್ಹ. ಅತ್ಯಂತ ಖಚಿತವೆನ್ನುವ ಇಮ್ಯುನೋಫ್ಲೋರೆಸೆನ್ಸ್ ಪರೀಕ್ಷೆಗೆ ಎರಡು ಮಾದರಿ ಬೇಕು: ಜ್ವರದ ಆರಂಭದಲ್ಲಿ ಒಂದು, ಎರಡು ಮೂರು ವಾರದ ಮೇಲೆ ಇನ್ನೊಂದು. ಪ್ರತಿಕಾಯದ ಮಟ್ಟ ನಾಲ್ಕು ಪಟ್ಟು ಏರಿದ್ದರೆ ರೋಗ ಇತ್ತೆಂದು ಸಾಬೀತು.

"ಇತ್ತೆಂದು" ಎನ್ನುವಲ್ಲೇ ತೊಡಕಿದೆ. ದೇಹ ಈ ಪ್ರತಿಕಾಯಗಳನ್ನು ತಯಾರಿಸಲು ಸುಮಾರು ಒಂದು ವಾರ ತೆಗೆದುಕೊಳ್ಳುತ್ತದೆ. ನಾಲ್ಕನೇ ದಿನ ರಕ್ತ ಕೊಟ್ಟರೆ ರೋಗ ಇದ್ದರೂ ವರದಿಯಲ್ಲಿ ನೆಗೆಟಿವ್ ಬರಬಹುದು. ಅಮೆರಿಕದ ಚುಕ್ಕಿ ಜ್ವರದ ಅನುಭವ ಹೇಳುವುದೇನೆಂದರೆ, ಐದನೇ ದಿನ ಕಳೆದ ಮೇಲೆ ಔಷಧ ಆರಂಭಿಸಿದವರಲ್ಲಿ ಸಾವಿನ ಅಪಾಯ ಗಣನೀಯವಾಗಿ ಹೆಚ್ಚುತ್ತದೆ. ಪ್ರಮಾಣಪತ್ರ ಕೈಗೆ ಬರುವ ಹೊತ್ತಿಗೆ ಚಿಕಿತ್ಸೆಯ ಒಳ್ಳೆಯ ಗಳಿಗೆ ದಾಟಿರುತ್ತದೆ. ರಕ್ತದ ಪಿಸಿಆರ್ ಆದರೂ ನೆರವಾದೀತೆ ಎಂದರೆ, ರೋಗಾಣು ನಾಳದ ಗೋಡೆಯಲ್ಲಿ ಅಡಗಿರುವುದರಿಂದ ರಕ್ತದಲ್ಲಿ ಅದು ಸಿಗುವುದೇ ಕಡಿಮೆ. ಚುಕ್ಕಿಯ ಜಾಗದ ಚರ್ಮದ ಚೂರಾದರೆ ಫಲ ಹೆಚ್ಚು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನವರು ಜ್ವರ ಮತ್ತು ಚುಕ್ಕಿಯಿದ್ದ ರೋಗಿಗಳ ಚರ್ಮದಲ್ಲಿ ರಿಕೆಟ್ಸಿಯಾದ ವಂಶವಾಹಿ ಗುರುತಿಸಿ 2012ರಲ್ಲಿ ಪ್ರಕಟಿಸಿದರು. ತಾಲ್ಲೂಕು ಆಸ್ಪತ್ರೆಯಲ್ಲಿ ಅದನ್ನು ನಿರೀಕ್ಷಿಸುವ ಹಾಗಿಲ್ಲ.

ಅದೇ ವೆಲ್ಲೂರಿನ ಮಕ್ಕಳ ವೈದ್ಯರು 2001ರಲ್ಲೇ, ದಕ್ಷಿಣ ಭಾರತದ ರಿಕೆಟ್ಸಿಯಾ ಜ್ವರಗಳನ್ನು ಗುರುತಿಸುವುದು ಹೇಗೆಂದು 'ಇಂಡಿಯನ್ ಪೀಡಿಯಾಟ್ರಿಕ್ಸ್' ಪತ್ರಿಕೆಯಲ್ಲಿ ಬರೆದಿದ್ದರು. ಮಹಾರಾಷ್ಟ್ರದ ಅಕೋಲಾದ ನರೇಂದ್ರ ರಾಠಿ ಮತ್ತು ಸಂಗಡಿಗರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹಳ್ಳಿಯ ವೈದ್ಯರು ಬಳಸಬಹುದಾದ ಅಂಕಪಟ್ಟಿಯನ್ನೇ ರೂಪಿಸಿದರು. ಹಳ್ಳಿಯ ವಾಸ, ಸಾಕುಪ್ರಾಣಿ, ಉಣ್ಣೆ ಕಡಿತ, ಪಾದದ ಊತ, ಅಂಗೈ ಅಂಗಾಲಿನ ಚುಕ್ಕಿ, ಪ್ಲೇಟ್‌ಲೆಟ್ ಇಳಿಕೆ: ಒಂದೊಂದಕ್ಕೂ ಅಂಕ. ಕೂಡಿಸಿದ ಮೊತ್ತ ಒಂದು ಮಿತಿ ದಾಟಿದರೆ ಚುಕ್ಕಿ ಜ್ವರವೆಂದು ಬಗೆದು ಔಷಧ ಶುರು. ಯಂತ್ರದ ಹಂಗಿಲ್ಲದ ಈ ಬಗೆಯ ವಿದ್ಯೆಗೆ ನಮ್ಮಲ್ಲಿ ಸಿಗಬೇಕಾದಷ್ಟು ಮರ್ಯಾದೆ ಸಿಕ್ಕಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಹೇಳುವುದು ಇದನ್ನೇ: ಐದು ದಿನ ಅಥವಾ ಹೆಚ್ಚು ಕಾಲದ, ಮೂಲ ತಿಳಿಯದ ಜ್ವರದಲ್ಲಿ ರಿಕೆಟ್ಸಿಯಾವನ್ನು ಶಂಕಿಸಿ, ಶಂಕಿಸಿದ ಮೇಲೆ ವರದಿಗಾಗಿ ಕಾಯಬೇಡಿ. ಮಂಡ್ಯದಲ್ಲಿ 2006ರಿಂದ ವೈದ್ಯಕೀಯ ವಿಜ್ಞಾನ ಸಂಸ್ಥೆ ಇದೆ, ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಬಳಿ ಆದಿಚುಂಚನಗಿರಿಯ ವೈದ್ಯಕೀಯ ಕಾಲೇಜಿದೆ, ಮೈಸೂರಿನ ಚೆಲುವಾಂಬ ಆಸ್ಪತ್ರೆಯೂ ದೂರವಲ್ಲ. ಆದರೆ ಮೊದಲ ಐದು ದಿನಗಳು ಕಳೆಯುವುದು ಅಲ್ಲೆಲ್ಲ ಅಲ್ಲ, ಊರಿನ ಕ್ಲಿನಿಕ್ಕಿನಲ್ಲಿ.

ಆ ಕ್ಲಿನಿಕ್ಕಿನಲ್ಲಿ ಸಾಮಾನ್ಯವಾಗಿ ಸಿಗುವುದು ಅಮಾಕ್ಸಿಸಿಲಿನ್ ಅಥವಾ ಸೆಫ್‌ಟ್ರಿಯಾಕ್ಸೋನ್ ಚುಚ್ಚುಮದ್ದು. ಎರಡೂ ಒಳ್ಳೆಯ ಔಷಧಗಳೇ, ಆದರೆ ಈ ರೋಗಕ್ಕಲ್ಲ. ಕೋಶದೊಳಗೆ ಅವಿತ ರಿಕೆಟ್ಸಿಯಾ ಇವುಗಳಿಗೆ ಬಗ್ಗುವುದಿಲ್ಲ. ಸಲ್ಫಾ ಔಷಧಗಳು ರೋಗವನ್ನು ಉಲ್ಬಣಿಸುವ ಸಾಧ್ಯತೆಯೂ ಇದೆ. ಬಗ್ಗಿಸುವುದು ಡಾಕ್ಸಿಸೈಕ್ಲಿನ್. ಕೋಶದೊಳಕ್ಕೆ ಇಳಿದು, ಬ್ಯಾಕ್ಟೀರಿಯಾ ಪ್ರೋಟೀನು ತಯಾರಿಸುವ ಯಂತ್ರವನ್ನೇ ನಿಲ್ಲಿಸುತ್ತದೆ. ದೊಡ್ಡವರಿಗೆ 100 ಮಿಲಿಗ್ರಾಂ ದಿನಕ್ಕೆ ಎರಡು ಸಲ, ಕನಿಷ್ಠ ಏಳು ದಿನ; ಮಕ್ಕಳಿಗೆ ತೂಕ ನೋಡಿ ವೈದ್ಯರು ನಿಗದಿ ಮಾಡುತ್ತಾರೆ. ಗರ್ಭಿಣಿಯರಿಗೆ ಅಜಿತ್ರೋಮೈಸಿನ್. ತೀವ್ರವಾದ ರೋಗಿಗಳಿಗೆ ಮೊದಲು ರಕ್ತನಾಳದ ಮೂಲಕವೇ ಡಾಕ್ಸಿಸೈಕ್ಲಿನ್ ಕೊಡಬೇಕಾಗುತ್ತದೆ. ಒಂದು ಕ್ಯಾಪ್ಸೂಲಿನ ಬೆಲೆ ಕೆಲವೇ ರೂಪಾಯಿ. ಬೇಗ ಆರಂಭಿಸಿದರೆ ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಜ್ವರ ಬಿಡುತ್ತದೆ. ಅದೇ ಒಂದು ಬಗೆಯ ರೋಗನಿರ್ಣಯವೂ ಹೌದು: ಈ ಔಷಧಕ್ಕೆ ಇಷ್ಟು ಚುರುಕಾಗಿ ಇಳಿಯದ ಜ್ವರವನ್ನು ವೈದ್ಯರು ಮತ್ತೆ ಮೊದಲಿನಿಂದ ಯೋಚಿಸಬೇಕು.

ಈ ಔಷಧದ ವಂಶದ ಮೂಲದಲ್ಲಿ ಒಬ್ಬ ತೆಲುಗು ಮಹನೀಯರಿದ್ದಾರೆ. ಟೆಟ್ರಾಸೈಕ್ಲಿನ್ ಗುಂಪಿನ ಮೊದಲ ಔಷಧ ಆರಿಯೋಮೈಸಿನ್ ಅನ್ನು ಕಂಡುಹಿಡಿದವರು ಬೆಂಜಮಿನ್ ಡುಗ್ಗರ್. ಅವರು ದುಡಿಯುತ್ತಿದ್ದ ಅಮೆರಿಕದ ಲೆಡರ್ಲಿ ಪ್ರಯೋಗಾಲಯದ ಸಂಶೋಧನೆಯ ಮುಖ್ಯಸ್ಥರು ಭೀಮಾವರಂನ ಯಲ್ಲಾಪ್ರಗಡ ಸುಬ್ಬರಾವ್. 1948ರ ಬೇಸಿಗೆಯಲ್ಲಿ ಔಷಧ ಲೋಕಕ್ಕೆ ಪ್ರಕಟವಾಯಿತು, ಅದೇ ಆಗಸ್ಟಿನಲ್ಲಿ ಸುಬ್ಬರಾವ್ ತೀರಿಕೊಂಡರು. ರಿಕೆಟ್ಸ್ ಬೆನ್ನುಹತ್ತಿದ್ದ ಚುಕ್ಕಿ ಜ್ವರ ಆರಿಯೋಮೈಸಿನ್‌ಗೆ ಮಣಿದದ್ದು ಆ ವರ್ಷವೇ. ಡಾಕ್ಸಿಸೈಕ್ಲಿನ್ ಬಂದದ್ದು 1960ರ ದಶಕದಲ್ಲಿ.

ಮಕ್ಕಳಿಗೆ ಅದನ್ನು ಕೊಡಲು ವೈದ್ಯರು ಹಿಂಜರಿಯುವುದು ಹಲ್ಲಿನ ಕಾರಣಕ್ಕೆ. ಎಂಟು ವರ್ಷದೊಳಗಿನವರ ಹಲ್ಲು ಹಳದಿಗಟ್ಟುತ್ತದೆಂಬ ಭಯ ಹಳೆಯ ಟೆಟ್ರಾಸೈಕ್ಲಿನ್‌ನಿಂದ ಬಂದದ್ದು. ಅಮೆರಿಕದ ಮೂಲನಿವಾಸಿಗಳ ಒಂದು ಪ್ರದೇಶದಲ್ಲಿ, ಎಂಟು ವರ್ಷಕ್ಕೆ ಮೊದಲೇ ಡಾಕ್ಸಿಸೈಕ್ಲಿನ್ ತೆಗೆದುಕೊಂಡಿದ್ದ 58 ಮಕ್ಕಳ ಹಲ್ಲುಗಳನ್ನು, ತೆಗೆದುಕೊಳ್ಳದ 213 ಮಕ್ಕಳ ಹಲ್ಲುಗಳೊಂದಿಗೆ ದಂತವೈದ್ಯರು ಹೋಲಿಸಿದರು. 2015ರಲ್ಲಿ ಪ್ರಕಟವಾದ ಫಲಿತಾಂಶ: ಔಷಧದಿಂದ ಕಲೆಯಾದ ಹಲ್ಲು ಒಂದೂ ಇಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಈಗ ಯಾವ ವಯಸ್ಸಿಗಾದರೂ ಮೂರು ವಾರದೊಳಗಿನ ಚಿಕಿತ್ಸೆಗೆ ಒಪ್ಪುತ್ತದೆ. ಹಲ್ಲಿನ ಬಣ್ಣ ಕಾಪಾಡಲು ಹೋಗಿ ಬೆರಳು ಕಳೆದುಕೊಳ್ಳುವುದು ಯಾವ ಲೆಕ್ಕಕ್ಕೂ ಹೊಂದದ ವ್ಯಾಪಾರ.

ಉಣ್ಣೆ ಎಂದೊಡನೆ ಕರ್ನಾಟಕದಲ್ಲಿ ಎಲ್ಲರಿಗೂ ನೆನಪಾಗುವುದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಅದು ವೈರಸ್ ರೋಗ, ಆ್ಯಂಟಿಬಯಾಟಿಕ್‌ಗೆ ಜಗ್ಗುವುದಿಲ್ಲ. ಅದರ ಹೆಸರು ದೊಡ್ಡದಾಗಿ, ಚಿಕಿತ್ಸೆ ಇರುವ ಈ ಜ್ವರ ಅದರ ನೆರಳಿನಲ್ಲಿ ಉಳಿದುಬಿಟ್ಟಿದೆ. ಅಮೆರಿಕದ ಸುದ್ದಿಗಳಲ್ಲಿ ಕೇಳಿಬರುವ ಲೈಮ್ ರೋಗ ಕೂಡ ಉಣ್ಣೆಯ ಬ್ಯಾಕ್ಟೀರಿಯಾ ಸೋಂಕೇ. ಬಂಡೀಪುರ, ನಾಗರಹೊಳೆ ಕಾಡಿನಂಚಿನ ಜನರ ರಕ್ತದಲ್ಲಿ ಅದರ ಪ್ರತಿಕಾಯಗಳನ್ನು ಬೆಂಗಳೂರಿನ ಕಣ್ಣಿನ ವೈದ್ಯರು ಗುರುತಿಸಿದ್ದಾರೆ. ಮಂಡ್ಯದ ಬಯಲಿನವರು ಸದ್ಯಕ್ಕೆ ಅದಕ್ಕಾಗಿ ನಿದ್ದೆಗೆಡಬೇಕಿಲ್ಲ.

ತಡೆಯುವ ಮಾತಿಗೆ ಬಂದರೆ ಅಮೆರಿಕದ ಅರಿಜೋನಾದ ಉದಾಹರಣೆ ಉಪಯುಕ್ತ. 2003ರ ಸುಮಾರಿಗೆ ಅಲ್ಲಿನ ಮೂಲನಿವಾಸಿಗಳ ಹಳ್ಳಿಗಳಲ್ಲಿ ಚುಕ್ಕಿ ಜ್ವರ ಕಾಣಿಸಿಕೊಂಡಾಗ, ಅದನ್ನು ತರುತ್ತಿರುವುದು ಕಾಡಿನ ಉಣ್ಣೆಯಲ್ಲ, ಬೀದಿ ನಾಯಿಗಳ ಮೈಮೇಲಿನ ಅದೇ ಕಂದು ಉಣ್ಣೆ ಎಂದು ತಿಳಿಯಿತು. 2012ರಲ್ಲಿ ನೂರಾರು ಮನೆಗಳ ಒಂದು ಸಮುದಾಯದಲ್ಲಿ ಪ್ರತಿ ನಾಯಿಗೂ ಉಣ್ಣೆ ನಾಶಕ ಕೊರಳಪಟ್ಟಿ ತೊಡಿಸಿ, ಅಂಗಳಗಳಿಗೆ ಔಷಧ ಸಿಂಪಡಿಸಿದರು. ಕೆಲವೇ ತಿಂಗಳಲ್ಲಿ ಅಲ್ಲಿ ಉಣ್ಣೆ ಕಾಣಿಸಿದ ನಾಯಿಗಳು ನೂರಕ್ಕೆ ಒಂದಕ್ಕೂ ಕಡಿಮೆ. ಔಷಧ ಮುಟ್ಟದ ಪಕ್ಕದ ಊರುಗಳಲ್ಲಿ ನೂರಕ್ಕೆ 64. ನಮ್ಮಲ್ಲಿ ನಾಯಿಗಳಿಗೆ ಹುಚ್ಚುರೋಗದ ಲಸಿಕೆ ಶಿಬಿರಗಳು ನಡೆಯುತ್ತವೆ. ಲಸಿಕೆ ಹಾಕಲು ಹಿಡಿದ ನಾಯಿಗೆ ಅದೇ ಹೊತ್ತಿನಲ್ಲಿ ಉಣ್ಣೆಯ ಔಷಧವನ್ನೂ ಹಚ್ಚಿದರೆ ಹೆಚ್ಚುವರಿ ಶ್ರಮ ಎಷ್ಟು? ಕೊಟ್ಟಿಗೆಯ ಗೋಡೆಯ ಬಿರುಕುಗಳನ್ನು ಮುಚ್ಚುವುದು, ಕಟ್ಟೆಯ ಸಂದಿಗಳಿಗೆ ಪಶುವೈದ್ಯರು ಹೇಳಿದ ಔಷಧ ಸಿಂಪಡಿಸುವುದು ಕೂಡ ಫಲ ಕೊಡುತ್ತವೆ. ನಾಯಿಯ ಮೈ ತೊಳೆದು ಮನೆಯ ಸಂದಿಗಳನ್ನು ಹಾಗೇ ಬಿಟ್ಟರೆ ಮಾತ್ರ ಪ್ರಯೋಜನ ಅಷ್ಟಕ್ಕಷ್ಟೆ, ಯಾಕೆಂದರೆ ಈ ಉಣ್ಣೆಯ ಬಹುಪಾಲು ಆಯಸ್ಸು ಕಳೆಯುವುದು ಗೋಡೆಯಲ್ಲೇ.

ಇನ್ನು ಕಿತ್ತ ಉಣ್ಣೆಯನ್ನು ಉಗುರಿನಿಂದ ಚಿವುಟಿ ಒರೆಸುವ ಅಭ್ಯಾಸ. ಒಳಗಿನ ರಸ ಬೆರಳಿನ ಗಾಯಕ್ಕೋ, ಕಣ್ಣು ಉಜ್ಜಿಕೊಂಡಾಗ ಕಣ್ಣಿಗೋ ತಗುಲಿದರೆ ಕಚ್ಚದೆಯೂ ಸೋಂಕು ಹತ್ತಬಹುದು. ಮೈಗೆ ಅಂಟಿದ್ದನ್ನು ಬಿಡಿಸಲು ಸೀಮೆಎಣ್ಣೆ ಸುರಿಯುವುದು, ಕಡ್ಡಿ ಗೀರಿ ಸುಡುವುದು ಕೂಡ ಬೇಡ. ಕೆರಳಿದ ಉಣ್ಣೆ ಇನ್ನಷ್ಟು ಜೊಲ್ಲು ಒಳಕ್ಕೆ ಬಿಡುತ್ತದೆ. ಚೂಪು ತುದಿಯ ಚಿಮಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು, ತಿರುಚದೆ ನೇರ ಮೇಲಕ್ಕೆ ಎಳೆಯಬೇಕು. ಬೇಗ ತೆಗೆದಷ್ಟೂ ಒಳ್ಳೆಯದು, ರೋಗಾಣು ದಾಟಲು ಸಾಮಾನ್ಯವಾಗಿ ಕೆಲವು ಗಂಟೆಗಳ ಕಾಲ ಅದು ಅಂಟಿಕೊಂಡಿರಬೇಕಾಗುತ್ತದೆ. ಆಮೇಲೆ ಸೋಪಿನಲ್ಲಿ ಜಾಗ ತೊಳೆದು, ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಮೇಲೊಂದು ಗುರುತು ಹಾಕಿಡುವುದು ಲೇಸು. ಅಲ್ಲಿಂದ ಎರಡು ವಾರದೊಳಗೆ ಜ್ವರ ಬಂದರೆ, ಡಾಕ್ಟರ ಮುಂದೆ ಕೂತೊಡನೆ ಹೇಳಬೇಕಾದ ಮೊದಲ ಮಾತು ಅದೇ ತಾರೀಕು.